ಎಡ ಕಾರ್ನರ್‌ನಲ್ಲಿ ಹತ್ತು ವರ್ಷ

ತೂಕದ ಯಂತ್ರವು 55 ಕಿಲೋ 400 ಗ್ರಾಂ ತೋರಿಸಿದಾಗ ನನಗೆ ಹದಿನೈದು ವರ್ಷ. ಕೇರಳದ ಕಾಸರಗೋಡು ಜಿಲ್ಲೆಯ ಸಬ್ ಜೂನಿಯರ್ ಬಾಲಕಿಯರ ಕಬಡ್ಡಿ ತಂಡದ ಆಯ್ಕೆಗೆಂದು ಬಾಯಾರಿನಿಂದ ಬೆಳಗ್ಗಿನ ಮೊದಲ ಬಸ್ಸು ಹಿಡಿದು ಹೋಗಿದ್ದೆ. ಹದಿನಾರು ವರ್ಷದೊಳಗಿನವರ ಆ ವಿಭಾಗದಲ್ಲಿ ತೂಕದ ಮಿತಿ 55 ಕಿಲೋ. ಎಷ್ಟೇ ಚೆನ್ನಾಗಿ ಆಡುವವಳಾದರೂ ಅದನ್ನು ಮೀರಿದರೆ ಅಂಕಣಕ್ಕೆ ಇಳಿಯುವಂತಿಲ್ಲ. ತೂಕ ಬರೆದುಕೊಳ್ಳುತ್ತಿದ್ದವರು ಇನ್ನೂ ಒಂದು ಗಂಟೆ ಸಮಯವಿದೆ, ಓಡಿ ಬಾ ಎಂದರು. ಟ್ರ್ಯಾಕ್ ಸೂಟಿನ ಮೇಲೆ ಅಣ್ಣನ ಮಳೆಕೋಟು ಹಾಕಿಕೊಂಡು, ಬಾಯಿ ಒಣಗಿದಾಗಲೆಲ್ಲ ನೀರು ಮುಕ್ಕಳಿಸಿ ಉಗುಳುತ್ತಾ ಮೈದಾನಕ್ಕೆ ಸುತ್ತು ಹಾಕಿದೆ. ಎರಡನೆಯ ಸಲ ಯಂತ್ರ ಏರಿದಾಗ 54 ಕಿಲೋ 900 ಗ್ರಾಂ. ಬಳಿಕ ನಡೆದ ಆಯ್ಕೆಯ ಆಟದಲ್ಲಿ ನನ್ನ ಕೈಯಲ್ಲಿ ಒಂದು ಹಿಡಿತವೂ ನಿಲ್ಲಲಿಲ್ಲ. ಹನ್ನೆರಡು ಮಂದಿಯ ಪಟ್ಟಿಯಲ್ಲಿ ಕೊನೆಯ ಹೆಸರಾಗಿ ನನ್ನದು ಬಂತು, ಆ ವರ್ಷದ ಪಂದ್ಯಾಟವನ್ನೆಲ್ಲ ನಾನು ಬೆಂಚಿನಲ್ಲಿ ಕುಳಿತೇ ನೋಡಿದೆ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಪೈವಳಿಕೆ, ಬಾಯಾರು, ಉಪ್ಪಳ ಕಡೆಯ ತಂದೆತಾಯಂದಿರು ಈಗ ನನ್ನನ್ನು ಕಂಡಾಗ ಮಗಳನ್ನು ಕಬಡ್ಡಿಗೆ ಕಳುಹಿಸಬಹುದೇ, ಮುಂದಕ್ಕೆ ಹೋಗುವ ದಾರಿ ಹೇಗೆ ಎಂದು ಕೇಳುತ್ತಾರೆ. ಸಬ್ ಜೂನಿಯರ್, ಜೂನಿಯರ್, ಸೀನಿಯರ್ ಎಂದರೆ ಒಂದರ ಮೇಲೊಂದು ಮೆಟ್ಟಿಲು, ಹತ್ತುತ್ತಾ ಹೋದರೆ ಆಯಿತು ಎಂದು ಅವರು ಎಣಿಸಿರುತ್ತಾರೆ. ನನ್ನ ಅನುಭವ ಬೇರೆ. ಪ್ರತಿ ಹಂತಕ್ಕೆ ಬಂದಾಗಲೂ ಅಲ್ಲಿಯವರೆಗೆ ಮೈಗೂಡಿದ್ದ ಆಟದ ಅರ್ಧದಷ್ಟನ್ನು ಬಿಟ್ಟುಕೊಟ್ಟು, ಹೊಸಬಳಂತೆ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಅದು ಹೇಗೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಯಾರೂ ಆಟಗಾರರಲ್ಲ. ಅಪ್ಪ ಅಡಿಕೆ ಮರ ಹತ್ತುವವರು; ಮಳೆಗಾಲದಲ್ಲಿ ಮದ್ದು ಬಿಡುವ ಕೆಲಸ, ಬಳಿಕ ಕೊಯ್ಲು. ಅಮ್ಮ ಬೀಡಿ ಕಟ್ಟುತ್ತಾರೆ. 2014ರ ಜುಲೈ ತಿಂಗಳಲ್ಲಿ ಪ್ರೊ ಕಬಡ್ಡಿ ಲೀಗ್ ಮೊದಲ ಬಾರಿಗೆ ಟಿವಿಯಲ್ಲಿ ಬಂದಾಗ ನಾನು ಎಂಟನೆಯ ತರಗತಿಯಲ್ಲಿದ್ದೆ. ನಮ್ಮ ಊರುಗಳಿಗೆ ಕಬಡ್ಡಿ ಹೊಸದೇನಲ್ಲ. ಗದ್ದೆಯ ಕೊಯ್ಲು ಮುಗಿದ ಬಳಿಕ ಯುವಕ ಸಂಘಗಳು ನಡೆಸುವ ಹೊನಲು ಬೆಳಕಿನ ಪಂದ್ಯಾಟಗಳನ್ನು ನೋಡುತ್ತಲೇ ನಾವು ಬೆಳೆದವರು; ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಎಂಬ ಪ್ರಶಸ್ತಿಗಳ ಹೆಸರು ಸಣ್ಣ ಮಕ್ಕಳಿಗೂ ಬಾಯಿಪಾಠ. ಆದರೆ ಅದು ಗಂಡಸರ ಆಟವೆಂದೇ ನನ್ನ ಮನಸ್ಸಿನಲ್ಲಿತ್ತು. ಅದೇ ವರ್ಷ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಮಹಿಳೆಯರು ಚಿನ್ನ ಗೆದ್ದರು. ಆ ತಂಡದಲ್ಲಿದ್ದ ಮಮತಾ ಪೂಜಾರಿ ಕಾರ್ಕಳ ತಾಲೂಕಿನ ಹೆರ್ಮುಂಡೆಯವರು, ನಮ್ಮ ಹಾಗೆಯೇ ತುಳು ಮಾತನಾಡುವವರು, ಆ ವರ್ಷ ಅರ್ಜುನ ಪ್ರಶಸ್ತಿ ಪಡೆದವರು ಎಂದು ನಮ್ಮ ಪಿ.ಟಿ. ಮಾಸ್ಟ್ರು ತರಗತಿಗೆ ಬಂದು ಪತ್ರಿಕೆ ತೋರಿಸಿದರು. ಅದರ ಮರುವಾರ ಶಾಲೆಯ ಬಾಲಕಿಯರ ತಂಡಕ್ಕೆ ಹೆಸರು ಕೊಟ್ಟ ಒಂಬತ್ತು ಮಂದಿಯಲ್ಲಿ ನಾನೂ ಒಬ್ಬಳು.

ದಾಳಿಗೆ ಬಂದವರನ್ನು ಎದುರಿಸುವಾಗ ಏಳು ಮಂದಿ ಕಮಾನಿನ ಹಾಗೆ ನಿಲ್ಲುತ್ತಾರೆ. ಆ ಕಮಾನಿನ ಎರಡು ತುದಿಗಳು ಕಾರ್ನರ್. ಅವುಗಳ ಬದಿಯಲ್ಲಿ ಇನ್, ಆ ಬಳಿಕ ಕವರ್, ನಟ್ಟ ನಡುವೆ ಸೆಂಟರ್. ಮಾಸ್ಟ್ರು ನನ್ನನ್ನು ಎಡ ಕಾರ್ನರ್‌ಗೆ ನಿಲ್ಲಿಸಿದರು. ನನಗೆ ದಾಳಿಗೆ ಹೋಗಬೇಕೆಂಬ ಆಸೆ ಬಹಳವಿತ್ತು. ಅವರು ನನ್ನ ಅಂಗೈಯನ್ನು ತಿರುಗಿಸಿ ನೋಡಿ, "ನಿನಗೆ ಅಪ್ಪನ ಕೈ ಬಂದಿದೆ, ನೀನು ಕಾಲು ಹಿಡಿ" ಎಂದರು. ಅಡಿಕೆ ಮರದಲ್ಲಿ ತಳೆಗೆ, ಅಂದರೆ ಕಾಲಿಗೆ ಹಾಕುವ ಬಳೆಗೆ, ಪಾದ ಸಿಕ್ಕಿಸಿಕೊಂಡು ಒಂದು ಮರದಿಂದ ಇನ್ನೊಂದಕ್ಕೆ ದಾಟುವಾಗ ಅಪ್ಪ ಸೋಗೆಯ ಬುಡವನ್ನು ಹಿಡಿಯುವ ರೀತಿಯನ್ನು ನಾನು ದಿನವೂ ನೋಡಿದ್ದೆ; ಕೈ ಮುಂದಕ್ಕೆ ಚಾಚಿದ ಮೇಲೆ ಅವರು ಅನುಮಾನಿಸುವುದಿಲ್ಲ, ಚಾಚುವ ಮೊದಲು ಎಷ್ಟು ಹೊತ್ತು ಬೇಕಾದರೂ ಕಾಯುತ್ತಾರೆ. ಕಾರ್ನರ್‌ನ ಕೆಲಸವೂ ಅದೇ.

ಆಂಕಲ್ ಹೋಲ್ಡ್ ಎಂಬ ಆ ಹಿಡಿತವನ್ನು ಸ್ವಲ್ಪ ಹತ್ತಿರದಿಂದ ವಿವರಿಸುತ್ತೇನೆ. ಮಹಿಳೆಯರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಒಂದು ತಂಡದ ಪಾಲಿಗೆ 6 ಮೀಟರ್. ನಡುಗೆರೆಯಿಂದ 3 ಮೀಟರ್‌ಗೆ ಬಾಕ್ ಗೆರೆ, ಅದರಿಂದ ಒಂದು ಮೀಟರ್ ಹಿಂದೆ ಬೋನಸ್ ಗೆರೆ. ಬೋನಸ್ ಗೆರೆಗೂ ಹಿಂದಿನ ಗೆರೆಗೂ ನಡುವೆ ಉಳಿಯುವ 2 ಮೀಟರ್ ಜಾಗವೇ ಕಾರ್ನರ್‌ನ ಮನೆ. ದಾಳಿಗೆ ಬಂದವಳಿಗೆ ಇರುವುದು 30 ಸೆಕೆಂಡು. ಎದುರಿಗೆ ಆರು ಅಥವಾ ಏಳು ಮಂದಿ ಇರುವಾಗ ಆಕೆ ಒಂದು ಪಾದವನ್ನು ಬೋನಸ್ ಗೆರೆಯ ಆಚೆ ಊರಿ, ಇನ್ನೊಂದು ಪಾದವನ್ನು ನೆಲದಿಂದ ಎತ್ತಿದರೆ ಒಂದು ಅಂಕ. ಹಾಗೆ ಎತ್ತಿದ ಕ್ಷಣದಲ್ಲಿ ಆಕೆಯ ಇಡೀ ಭಾರ ನನ್ನ ಮುಂದಿರುವ ಒಂದೇ ಪಾದದ ಮೇಲೆ ಇರುತ್ತದೆ. ಅದೇ ನನ್ನ ಸಮಯ. ಮೊಣಕಾಲು ಮಡಚಿ ತಗ್ಗಿ, ತಲೆಯನ್ನು ಆಕೆಯ ಕಾಲಿನಿಂದ ಹೊರಬದಿಗೆ ಇಟ್ಟು, ಎರಡೂ ಕೈಗಳಿಂದ ಹಿಮ್ಮಡಿಯ ಮೇಲ್ಭಾಗವನ್ನು ಬಿಗಿದು ಎದೆಯ ಕಡೆಗೆ ಎತ್ತಬೇಕು. ನೆಲದಲ್ಲಿಯೇ ಎಳೆದರೆ ಆಕೆ ನನ್ನನ್ನು ಸೇರಿಸಿ ನಡುಗೆರೆಗೆ ಎಳೆದುಕೊಂಡು ಹೋಗುತ್ತಾಳೆ. ಎತ್ತಿದರೆ ಆಕೆ ಕುಂಟುವವಳಂತೆ ಆಗುತ್ತಾಳೆ, ಅಷ್ಟರಲ್ಲಿ ಕವರ್ ಬಂದು ಸೊಂಟಕ್ಕೆ ಬೀಳಬೇಕು. ಕಣ್ಣು ರೆಪ್ಪೆ ಬಡಿಯುವಷ್ಟು ಮೊದಲು ಹೋದರೂ ಕೆಟ್ಟಿತು, ಆಕೆ ಕಾಲು ಹಿಂತೆಗೆದು ನನ್ನ ಬೆನ್ನು ಮುಟ್ಟಿ ಹೋಗುತ್ತಾಳೆ.

ಎರಡು ವರ್ಷ ಇದನ್ನು ಶಾಲೆಯ ಹಿಂದಿನ ಮುರಕಲ್ಲಿನ ಗುಡ್ಡದಲ್ಲಿ, ಜರಡಿ ಹಿಡಿದ ಮಣ್ಣಿಗೆ ಮರದ ಹುಡಿ ಬೆರೆಸಿ ಮಾಡಿದ ಅಂಕಣದಲ್ಲಿ ಬರಿಗಾಲಿನಲ್ಲಿ ಕಲಿತೆ. ಕೇರಳದ ಶಾಲಾ ಕ್ರೀಡೆಗಳಲ್ಲಿ ಮೊದಲು ಉಪಜಿಲ್ಲೆ, ಬಳಿಕ ರೆವೆನ್ಯೂ ಜಿಲ್ಲೆ, ಆಮೇಲೆ ರಾಜ್ಯ. ಮಂಜೇಶ್ವರ ಉಪಜಿಲ್ಲೆಯಲ್ಲಿ ಗೆದ್ದೆವು, ಜಿಲ್ಲೆಯಲ್ಲಿ ಸೋತೆವು. ರಾಜ್ಯಮಟ್ಟಕ್ಕೆ ತಲುಪಿದರೆ ಎಸ್‌ಎಸ್‌ಎಲ್‌ಸಿಯಲ್ಲಿ ಗ್ರೇಸ್ ಮಾರ್ಕ್ ಸಿಗುತ್ತದೆಂಬ ಮಾತೇ ಮನೆಯವರನ್ನು ಒಪ್ಪಿಸಿತು. ಅದನ್ನು ಹೇಳಿಕೊಳ್ಳಲು ಸಂಕೋಚ ಬೇಕಿಲ್ಲ, ಬಹಳ ಮಂದಿ ಹುಡುಗಿಯರ ಆಟ ಮನೆಯಿಂದ ಹೊರಗೆ ಕಾಲಿಡುವುದು ಆ ಅಂಕಗಳ ಕೈ ಹಿಡಿದೇ.

ಮಣ್ಣಿನಲ್ಲಿ ಕಲಿತದ್ದು ಮ್ಯಾಟಿನ ಮೇಲೆ ನಡೆಯಲಿಲ್ಲ. ಪ್ಲಸ್ ವನ್, ಅಂದರೆ ಹನ್ನೊಂದನೆಯ ತರಗತಿ, ಓದುತ್ತಿದ್ದಾಗ ಜಿಲ್ಲಾ ಜೂನಿಯರ್ ಶಿಬಿರದಲ್ಲಿ ನಾನು ಮೊದಲ ಬಾರಿಗೆ ಮ್ಯಾಟ್ ಮೇಲೆ ನಿಂತೆ. ಮಣ್ಣಿನಲ್ಲಿ ಅಂಗೈಗೆ ಅಂಟಿದ ಧೂಳೇ ಹಿಡಿತಕ್ಕೆ ಬಲ. ಬೆವರಿದ ಕಾಲೂ ಜಾರುವುದಿಲ್ಲ. ಮ್ಯಾಟಿನಲ್ಲಿ ಧೂಳಿಲ್ಲ, ಬೆವರು ಮಾತ್ರ, ಹಿಡಿಯಲು ಹೋದರೆ ಕೈಗೆ ಸಿಗುವುದು ಶೂವಿನ ಅಂಚು. ಮಣ್ಣಿನಲ್ಲಿ ದಾಳಿಗಾರ್ತಿ ತಿರುಗುವಾಗ ಅರ್ಧ ಹೆಜ್ಜೆ ಜಾರುತ್ತಾಳೆ, ಆ ಅರ್ಧ ಹೆಜ್ಜೆಯ ಲೆಕ್ಕ ನನ್ನ ಮೈಗೆ ಗೊತ್ತಿತ್ತು. ಮ್ಯಾಟಿನಲ್ಲಿ ಶೂ ಕಚ್ಚಿ ನಿಲ್ಲುತ್ತದೆ, ಆಕೆ ನಿಂತಲ್ಲಿಯೇ ತಿರುಗುತ್ತಾಳೆ. ಶೂ ಹಾಕಿ ಅಭ್ಯಾಸವಿಲ್ಲದ ನನ್ನ ಪಾದಗಳಲ್ಲಿ ಮೊದಲ ವಾರವೇ ಬೊಕ್ಕೆಗಳೆದ್ದವು. ಮೊಣಕಾಲಿನ ಚರ್ಮ ಮ್ಯಾಟಿಗೆ ಉಜ್ಜಿ ಸುಲಿಯಿತು. ಹಿಡಿತವನ್ನು ಒಂದು ಗೇಣು ಮೇಲಕ್ಕೆ, ಶೂವಿಗಿಂತ ಮೇಲಿನ ಮೀನಖಂಡದ ಕೆಳತುದಿಗೆ ತರಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ಅಲ್ಲಿ ಇನ್ನೊಂದು ಕಷ್ಟವೂ ಇತ್ತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಶಿಬಿರದಲ್ಲಿ ಪೂರ್ತಿ ಮಲಯಾಳ. ಅಂಗಡಿಯಲ್ಲಿ, ಬಸ್ಸಿನಲ್ಲಿ ಮಾತನಾಡುವಷ್ಟು ಮಲಯಾಳ ನಮಗೆಲ್ಲ ಬರುತ್ತದೆ. ಆಟದ ನಡುವೆ ಉಸಿರು ಕಟ್ಟಿರುವಾಗ ಬದಿಯವಳು ಕೂಗಿದ ಒಂದು ಪದವನ್ನು ತಿಳಿದು ಮೈ ತಿರುಗಿಸುವುದಕ್ಕೆ ಅಷ್ಟು ಸಾಲದು. ಎಡ ಇನ್‌ನಲ್ಲಿ ನನ್ನ ಜೋಡಿಯಾಗಿದ್ದವಳು ಕಾಞಂಗಾಡ್ ಕಡೆಯವಳು, ನನಗಿಂತ ಎರಡು ವರ್ಷ ದೊಡ್ಡವಳು. ನಾನು ಅವಳನ್ನು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದೆ. ನಾವು ಪದಗಳನ್ನೇ ಬಿಟ್ಟೆವು. ಅವಳು ನನ್ನ ಬಲಗೈಯನ್ನು ಹಿಡಿದು ನಿಲ್ಲುತ್ತಿದ್ದಳು. ಕಿರುಬೆರಳು ಒತ್ತಿದರೆ ಇರು, ಬೆರಳುಗಳನ್ನು ಬಿಟ್ಟರೆ ಹೋಗು. ಇಂದಿಗೂ ನಾನು ಯಾರೊಡನೆ ಚೈನ್ ಹಿಡಿದು ನಿಂತರೂ ಮೊದಲು ಆ ಕಿರುಬೆರಳಿಗಾಗಿ ಕಾಯುತ್ತೇನೆ. ಶಿಬಿರದ ಕೋಚ್ ದಿನಕ್ಕೆ ಹತ್ತು ಸಲ "ಕಾತ್ತಿರಿಕ್ಕ್ ಮೋಳೇ" ಎನ್ನುತ್ತಿದ್ದರು, ಕಾದಿರು ಮಗಳೇ ಎಂದು. ಅವರು ಬೈಯುವುದಕ್ಕೂ ಮುದ್ದು ಮಾಡುವುದಕ್ಕೂ ಅದೊಂದೇ ಮಾತು ಬಳಸುತ್ತಿದ್ದರು.

ಪ್ಲಸ್ ಟು ವರ್ಷದಲ್ಲಿ ರಾಜ್ಯದ ಜೂನಿಯರ್ ತಂಡಕ್ಕೆ ಆಯ್ಕೆಯಾದೆ. ಆ ವರ್ಷವೇ, 2018ರ ಆಗಸ್ಟ್ 24ರಂದು, ಜಕಾರ್ತಾ ಏಷ್ಯನ್ ಗೇಮ್ಸ್‌ನ ಫೈನಲ್‌ನಲ್ಲಿ ಭಾರತದ ಮಹಿಳೆಯರು ಇರಾನ್ ಎದುರು 24-27ರಿಂದ ಸೋತರು. 2010 ಮತ್ತು 2014ರಲ್ಲಿ ಚಿನ್ನ ಗೆದ್ದಿದ್ದ ತಂಡ ಅದು. ಇರಾನಿನ ತಂಡವನ್ನು ಪಳಗಿಸಿದ್ದವರು ನಾಸಿಕದ ಶೈಲಜಾ ಜೈನ್ ಎಂಬುದು ತಿಳಿದಾಗ ನನಗೆ ಬೇಸರದ ಜೊತೆಗೆ ಒಂದು ಧೈರ್ಯವೂ ಬಂತು: ಈ ಆಟವನ್ನು ಯಾವ ಊರಿನ ಹುಡುಗಿಯರಿಗೂ ಕಲಿಸಬಹುದು, ಕಲಿಸುವವರು ಸಿಗಬೇಕು ಅಷ್ಟೆ. ಜೂನಿಯರ್ ರಾಷ್ಟ್ರೀಯ ಪಂದ್ಯಾಟದಲ್ಲಿ ಹರಿಯಾಣದ ಹುಡುಗಿಯರನ್ನು ಎದುರಿಸಿದಾಗ ಮಾತ್ರ ಆ ಧೈರ್ಯ ಅರ್ಧ ಗಂಟೆಯೂ ಉಳಿಯಲಿಲ್ಲ. ಜೂನಿಯರ್ ಬಾಲಕಿಯರಿಗೆ ಮಿತಿ 65 ಕಿಲೋ. ಅವರೆಲ್ಲ ಆ ಮಿತಿಯ ಅಂಚಿನಲ್ಲಿದ್ದರು, ನಾನು 57. ಸರಿಯಾದ ಸಮಯಕ್ಕೆ ಸರಿಯಾದ ಕಾಲನ್ನೇ ಹಿಡಿದೆ. ಆಕೆ ನನ್ನನ್ನು ಮ್ಯಾಟಿನ ಮೇಲೆ ಎಳೆದುಕೊಂಡೇ ಹೋಗಿ ನಡುಗೆರೆಗೆ ಕೈ ಚಾಚಿದಳು. ನಾನು ಔಟ್, ನನ್ನ ಹಿಂದೆ ಬಂದು ಆಕೆಯ ಮೇಲೆ ಬಿದ್ದಿದ್ದ ಚೇಚಿಯೂ ಔಟ್.

ತೂಕ ಇಳಿಸಲು ಮಳೆಕೋಟು ಹಾಕಿ ಓಡಿದ್ದ ನಾನು ಅಂದಿನಿಂದ ತೂಕ ಏರಿಸುವುದಕ್ಕೆ ಹೆಣಗಿದೆ. ಕುಚ್ಚಲಕ್ಕಿ ಗಂಜಿ, ಹುರುಳಿ, ದಿನಕ್ಕೆ ನಾಲ್ಕು ಮೊಟ್ಟೆ, ಅಗ್ಗವಾಗಿ ಸಿಕ್ಕಿದಾಗ ಬೂತಾಯಿ ಮೀನು. ಅಮ್ಮ ತನ್ನ ಬೀಡಿಯ ದುಡ್ಡಿನಿಂದ ಅದನ್ನು ಹೇಗೆ ಸರಿದೂಗಿಸಿದಳೆಂದು ನಾನು ಆಗ ಕೇಳಲಿಲ್ಲ. ಹದಿನೈದನೆಯ ವಯಸ್ಸಿನಲ್ಲಿ, ಮೈ ಬೆಳೆಯಬೇಕಾದ ಹೊತ್ತಿನಲ್ಲಿ ಉಪವಾಸ ಹಾಕಿ 55ರೊಳಗೆ ಉಳಿಯಲು ನೋಡಿದ್ದು ದೊಡ್ಡ ತಪ್ಪೆಂದು ಈಗ ನನಗೆ ಖಚಿತವಿದೆ. ಆ ವರ್ಷ ನಾನು ಸಬ್ ಜೂನಿಯರ್ ಬಿಟ್ಟು ನೇರವಾಗಿ ಜೂನಿಯರ್ ತಂಡದೊಡನೆ ಅಭ್ಯಾಸ ಮಾಡಿದ್ದರೆ ಒಂದು ವರ್ಷದ ಬೆಂಚು ಉಳಿಯುತ್ತಿತ್ತು, ಎಲುಬಿಗೆ ಬಲವೂ ಬರುತ್ತಿತ್ತು. ಮಗಳ ತೂಕ ಮಿತಿಗಿಂತ ಒಂದೆರಡು ಕಿಲೋ ಹೆಚ್ಚಿದೆ ಎಂದು ಬರುವ ತಾಯಂದಿರಿಗೆ ನಾನು ಹೇಳುವುದು ಇಷ್ಟೇ: ಅವಳಿಗೆ ಊಟ ಹಾಕಿ, ಮೇಲಿನ ವಿಭಾಗದಲ್ಲಿ ಆಡಲಿ.

ಕಾಸರಗೋಡಿನ ಸರಕಾರಿ ಕಾಲೇಜಿಗೆ ಸೇರಿದ ಮೊದಲ ವರ್ಷದಲ್ಲಿಯೇ, ಅಂತರ ಕಾಲೇಜು ಪಂದ್ಯದ ನಡುವೆ ನನ್ನ ಬಲ ಮಂಡಿ ತಿರುಚಿತು. ಕಾಲು ಹಿಡಿದು ಎತ್ತುತ್ತಿದ್ದಾಗ ನಮ್ಮದೇ ತಂಡದವಳು ನನ್ನ ಮಂಡಿಯ ಹೊರಬದಿಗೆ ಬಿದ್ದಳು. ಒಳಗೆ ಒಣ ಕಡ್ಡಿ ಮುರಿದಂತಹ ಸದ್ದು ನನಗೆ ಮಾತ್ರ ಕೇಳಿಸಿತು. ಮೊದಲು ನೋಡಿದ ವೈದ್ಯರು ಉಳುಕೆಂದು ಪಟ್ಟಿ ಕಟ್ಟಿ ಕಳುಹಿಸಿದರು; ಮೂರು ವಾರದ ಬಳಿಕ ಅಂಗಳದಲ್ಲಿ ನಡೆಯುವಾಗ ಮಂಡಿ ತಾನಾಗಿ ಜಾರಿದಾಗ ಮಂಗಳೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿದೆವು. ಎಸಿಎಲ್ ಎಂಬ ಅಸ್ಥಿರಜ್ಜು ಪೂರ್ತಿ ಹರಿದಿತ್ತು. ಸ್ವಂತ ತೊಡೆಯ ಹಿಂಭಾಗದ ಸ್ನಾಯುವಿನ ತುದಿಯನ್ನು ತೆಗೆದು ಅಲ್ಲಿಗೆ ಜೋಡಿಸುವ ಶಸ್ತ್ರಚಿಕಿತ್ಸೆ 2020ರ ಫೆಬ್ರವರಿಯಲ್ಲಿ ನಡೆಯಿತು. ಅಪ್ಪ ಧಣಿಗಳಲ್ಲಿ ಮುಂಗಡ ಕೇಳಿ ಹಣ ಹೊಂದಿಸಿದರು.

ಶಸ್ತ್ರಚಿಕಿತ್ಸೆಯ ಬಳಿಕದ ವ್ಯಾಯಾಮವೇ ಮುಖ್ಯವೆಂದು ವೈದ್ಯರು ಮೊದಲೇ ಹೇಳಿದ್ದರು. ವಾರಕ್ಕೆ ಮೂರು ದಿನ ಮಂಗಳೂರಿನ ಫಿಸಿಯೋಥೆರಪಿಗೆ ಹೋಗುತ್ತಿದ್ದೆ. ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂತು, ಕರ್ನಾಟಕವು ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳದಾರಿಗಳಿಗೂ ಮಣ್ಣಿನ ರಾಶಿ ಬಿತ್ತು. ಕಾಸರಗೋಡಿನ ಉತ್ತರ ಭಾಗದವರಿಗೆ ಮಂಗಳೂರೇ ಆಸ್ಪತ್ರೆಯೆಂಬುದನ್ನು ಇಲ್ಲಿ ಹುಟ್ಟಿದವರಿಗೆ ವಿವರಿಸಬೇಕಿಲ್ಲ. ಡಯಾಲಿಸಿಸ್‌ಗೆ ಹೋಗಲಾರದವರ ಸಂಕಟದ ಎದುರು ನನ್ನ ಮಂಡಿಯದು ಸಣ್ಣ ವಿಷಯ. ಆದರೂ ಆ ವಾರಗಳಲ್ಲಿ ನನಗೆ ಆಟ ಮುಗಿಯಿತೆಂದೇ ಅನಿಸಿತ್ತು. ಫಿಸಿಯೋ ಮೇಡಂ ಫೋನಿನಲ್ಲಿ ವಿಡಿಯೋ ನೋಡಿ ಹೇಳಿಕೊಟ್ಟರು. ಜಗಲಿಯ ಕಂಬಕ್ಕೆ ಸೈಕಲ್ ಟ್ಯೂಬು ಕಟ್ಟಿ ಕಾಲು ಚಾಚುತ್ತಿದ್ದೆ. ಒಣ ಅಡಿಕೆಯ ಗೋಣಿಯನ್ನು ಬೆನ್ನಿಗೇರಿಸಿಕೊಂಡು ಮೆಟ್ಟಿಲು ಹತ್ತಿ ಇಳಿಯುವುದು ಐದನೆಯ ತಿಂಗಳಿನಲ್ಲಿ ಶುರುವಾಯಿತು. ಮತ್ತೆ ಮ್ಯಾಟ್ ಮೇಲೆ ಕಾಲಿಡುವಾಗ ಹದಿನಾಲ್ಕು ತಿಂಗಳು ಕಳೆದಿತ್ತು. ಜೂನಿಯರ್ ವಿಭಾಗದ ಇಪ್ಪತ್ತು ವರ್ಷದ ಮಿತಿಯೂ ಆ ನಡುವೆ ದಾಟಿಹೋಯಿತು. ಅಲ್ಲಿ ನಾನು ಆಡಿದ್ದು ಒಂದೇ ರಾಷ್ಟ್ರೀಯ ಪಂದ್ಯಾಟ.

ಈ ವಯಸ್ಸಿನಲ್ಲಿಯೇ ಹೆಚ್ಚಿನವರು ಆಟ ಬಿಡುತ್ತಾರೆ. ಶಾಲೆಯಲ್ಲಿ ಹೆಸರು ಕೊಟ್ಟ ಒಂಬತ್ತು ಮಂದಿಯಲ್ಲಿ ಈಗ ಆಡುತ್ತಿರುವವಳು ನಾನೊಬ್ಬಳೇ. ಗ್ರೇಸ್ ಮಾರ್ಕಿನ ಕೆಲಸ ಪ್ಲಸ್ ಟುಗೆ ಮುಗಿಯುತ್ತದೆ, ಮದುವೆಯ ಮಾತು ಬರುತ್ತದೆ, ದುಡಿಮೆಯ ಅಗತ್ಯ ಬರುತ್ತದೆ. 2018ರ ಪ್ರೊ ಕಬಡ್ಡಿ ಹರಾಜಿನಲ್ಲಿ ಮೋನು ಗೋಯತ್ ಅವರಿಗೆ 1.51 ಕೋಟಿ ರೂಪಾಯಿ ಬಂದಾಗ ಊರಿನವರು ನನಗೂ ಅಂತಹ ಕಾಲ ಬರಬಹುದೆಂದು ಹಾರೈಸಿದರು. 2016ರಲ್ಲಿ ಆ ಲೀಗಿನ ಜೊತೆಗೆ ಮಹಿಳೆಯರಿಗಾಗಿ ಮೂರು ತಂಡಗಳ ಪಂದ್ಯಾಟ ನಡೆದಿತ್ತು. ಮಮತಾ ಪೂಜಾರಿ, ತೇಜಸ್ವಿನಿ ಬಾಯಿ, ಅಭಿಲಾಷಾ ಮ್ಹಾತ್ರೆ ನಾಯಕಿಯರಾಗಿದ್ದರು. ಮರುವರ್ಷ ಅದು ಇರಲಿಲ್ಲ. ಅದು ಮುಂದುವರಿದಿದ್ದರೆ ನನ್ನ ಜೊತೆಗಾರ್ತಿಯರಲ್ಲಿ ನಾಲ್ಕೈದು ಮಂದಿಯಾದರೂ ಉಳಿಯುತ್ತಿದ್ದರೆಂದು ನಾನು ನಂಬಿದ್ದೇನೆ. ನಾನು ಉಳಿದದ್ದು ಅಪ್ಪನ ಒಂದು ಮಾತಿನಿಂದ. ನೆಂಟರೊಬ್ಬರು ಸಂಬಂಧ ತಂದಾಗ ಅವರು, "ಮಂಡಿ ಕಟ್ಟಿಸಿದ್ದು ಆಡಲಿಕ್ಕಲ್ಲವಾ? ಸಾಲ ತೀರುವವರೆಗಾದರೂ ಆಡಲಿ" ಎಂದರು. ಸಾಲ ತೀರಿ ಮೂರು ವರ್ಷವಾಯಿತು, ಆ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ.

ಸೀನಿಯರ್ ವಿಭಾಗದಲ್ಲಿ ಮಹಿಳೆಯರ ತೂಕದ ಮಿತಿ 75 ಕಿಲೋ. ನಾನು 64ಕ್ಕೆ ಬಂದು ನಿಂತಿದ್ದೆ. ಇಲ್ಲಿ ಮೂರನೆಯ ಬಾರಿ ಹೊಸದಾಗಿ ಕಲಿಯಬೇಕಾಯಿತು. ಜೂನಿಯರ್‌ನಲ್ಲಿ ದಾಳಿಗಾರ್ತಿಯರು ತಮ್ಮ ಆಟ ಆಡುತ್ತಾರೆ. ಸೀನಿಯರ್‌ನಲ್ಲಿ ಅವರು ನನ್ನ ಆಟ ಆಡಿಸುತ್ತಾರೆ. ಮೊದಲ ಎರಡು ದಾಳಿಗಳಲ್ಲಿ ಏನೂ ಮಾಡದೆ, ನಾನು ಯಾವಾಗ ಮುಂದೆ ಬರುತ್ತೇನೆ, ಯಾವ ಕಾಲು ಮೊದಲು ಎತ್ತುತ್ತೇನೆ ಎಂದು ನೋಡಿ ಹಿಂದಿರುಗುತ್ತಾರೆ. ಮೂರನೆಯದು ಡೂ ಆರ್ ಡೈ ದಾಳಿ, ಅಂಕ ತರದಿದ್ದರೆ ದಾಳಿಗಾರ್ತಿಯೇ ಔಟ್. ಆಗ ಬಂದು, ಎರಡು ಸಲ ನೋಡಿಕೊಂಡದ್ದನ್ನು ಬಳಸುತ್ತಾರೆ. ಶಸ್ತ್ರಚಿಕಿತ್ಸೆಯಾದ ಬಲ ಮಂಡಿಯ ಮೇಲೆ ತಗ್ಗಲು ನನ್ನ ಮೈ ಹಿಂಜರಿಯುತ್ತಿತ್ತು, ಅದನ್ನೂ ಅವರು ಕಂಡುಕೊಳ್ಳುತ್ತಿದ್ದರು. ಎರಡು ವರ್ಷ ರಾಜ್ಯದ ಸಂಭಾವ್ಯರ ಪಟ್ಟಿಯಲ್ಲಿದ್ದು ತಂಡಕ್ಕೆ ಸೇರಲಾಗಲಿಲ್ಲ. 2023ರ ಅಕ್ಟೋಬರ್ 7ರಂದು ಹಾಂಗ್‌ಝೌನಲ್ಲಿ ಭಾರತದ ಮಹಿಳೆಯರು ಚೈನೀಸ್ ತೈಪೆಯನ್ನು 26-25ರಿಂದ, ಒಂದೇ ಅಂಕದಿಂದ ಸೋಲಿಸಿ ಚಿನ್ನ ಮರಳಿ ತಂದರು. ಆ ಕ್ರೀಡಾಕೂಟದಲ್ಲಿ ಭಾರತದ ನೂರನೆಯ ಪದಕ ಅದು. ನಾನು ಆ ಪಂದ್ಯವನ್ನು ಫೋನಿನಲ್ಲಿ ಮೂರು ಸಲ ನೋಡಿದೆ, ಕಾರ್ನರ್‌ಗಳ ಪಾದಗಳನ್ನು ಮಾತ್ರ.

ಮರುವರ್ಷ ರಾಜ್ಯದ ಸೀನಿಯರ್ ತಂಡದಲ್ಲಿ ನನ್ನ ಹೆಸರು ಬಂತು. ರಾಷ್ಟ್ರೀಯ ಪಂದ್ಯಾಟದಲ್ಲಿ ನಮ್ಮ ಗುಂಪಿನಲ್ಲಿಯೇ ಭಾರತೀಯ ರೈಲ್ವೆ ಇತ್ತು. ದೇಶದ ಉತ್ತಮ ಆಟಗಾರ್ತಿಯರಿಗೆ ಕೆಲಸ ಕೊಟ್ಟು, ವರ್ಷವಿಡೀ ಜೊತೆಯಲ್ಲಿ ಅಭ್ಯಾಸ ಮಾಡಿಸುವ ತಂಡ ಅದು. ನಾವು ದೊಡ್ಡ ಅಂತರದಿಂದ ಸೋತೆವು. ದ್ವಿತೀಯಾರ್ಧದಲ್ಲಿ ನಮ್ಮ ಅಂಕಣದಲ್ಲಿ ಮೂವರು ಮಾತ್ರ ಉಳಿದಿದ್ದಾಗ ಅವರ ಮುಖ್ಯ ದಾಳಿಗಾರ್ತಿ ಬಂದಳು. ಅದುವರೆಗೆ ಆಕೆ ನನ್ನಿಂದ ನಾಲ್ಕು ಸಲ ತಪ್ಪಿಸಿಕೊಂಡಿದ್ದಳು. ಆಕೆಯ ಬಲಗಾಲು ನನ್ನ ಕಡೆಗೆ ಚಾಚಿತು, ಹಿಂದಕ್ಕೆ ಹೋಯಿತು, ಮತ್ತೆ ಚಾಚಿತು. ನಾನು ನಿಂತೇ ಇದ್ದೆ. ಮೂರನೆಯ ಸಲ ಪಾದ ಊರಿ ಭಾರ ಬಿದ್ದ ಮೇಲೆ ತಗ್ಗಿ ಹಿಡಿದೆ, ಎತ್ತಿದೆ, ಕವರ್ ಬಂದು ಸೊಂಟಕ್ಕೆ ಬಿದ್ದಳು. ಅಂಕಣದಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಮಂದಿ ಇರುವಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಫಲಿತಾಂಶ ಅದರಿಂದ ಬದಲಾಗಲಿಲ್ಲ.

ಪಂದ್ಯದ ಬಳಿಕ ನೀರಿನ ಡ್ರಮ್ಮಿನ ಬಳಿ ಆಕೆಯೇ ನನ್ನ ಹತ್ತಿರ ಬಂದು, ಎಲ್ಲಿಯವಳೆಂದು ಕೇಳಿದಳು. ಕಾಸರಗೋಡು ಎಂದೆ. ಆಕೆ ನನ್ನ ಎಡ ಪಾದದ ಮುಂದೆ ತನ್ನ ಪಾದ ಇಟ್ಟು, ಹಿಂದಿಯಲ್ಲಿ ನಿಧಾನವಾಗಿ ಹೇಳಿದಳು: ಹಿಡಿಯಲು ಹೊರಡುವ ಮೊದಲು ನಿನ್ನ ಎಡ ಹಿಮ್ಮಡಿ ಮೇಲಕ್ಕೆ ಏಳುತ್ತದೆ, ನಾಲ್ಕು ಸಲವೂ ನಾನು ಅದನ್ನು ನೋಡಿಯೇ ಕಾಲು ತೆಗೆದೆ, ಕೊನೆಯ ಸಲ ಅದು ಏಳಲಿಲ್ಲ. ಊರಿಗೆ ಬಂದ ಬಳಿಕ ಶಾಲೆಯ ಮೈದಾನದಲ್ಲಿ ಎಡ ಹಿಮ್ಮಡಿಯ ಅಡಿಗೆ ಒಂದು ಒಣಗಿದ ಅಡಿಕೆ ಹಾಳೆಯ ಚೂರು ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೇನೆ. ಹಿಮ್ಮಡಿ ಎದ್ದರೆ ಹಾಳೆ ಸದ್ದು ಮಾಡುತ್ತದೆ. ಈಗ ಹತ್ತರಲ್ಲಿ ಆರು ಸಲ ಸದ್ದಾಗುವುದಿಲ್ಲ.